ಕಮಿಟ್ ಸಂದೇಶಕ್ಕೆ ಯಾವ ಲೇಬಲ್? ಬಳಸಿ ನೋಡಿದವರು ಹೇಳಿ

ಕೇಳಿದವರು, ಬದಿಯಡ್ಕ:
ನಾನು ಶಾಲಾ ಶಿಕ್ಷಕಿ. ನಾವು ನಾಲ್ವರು ಸೇರಿ ಮಕ್ಕಳಿಗಾಗಿ ಕನ್ನಡ, ತುಳು, ಮಲಯಾಳ ಪದಕೋಶದ ತಂತ್ರಾಂಶವೊಂದನ್ನು ಕಟ್ಟುತ್ತಿದ್ದೇವೆ. ತಂತ್ರಾಂಶದ ಬದಲಾವಣೆಗಳ ಇತಿಹಾಸ ಕಾಪಿಡುವ ಗಿಟ್‌ನಲ್ಲಿ ಪ್ರತಿ ಬದಲಾವಣೆಯನ್ನೂ ಒಂದು ಸಂದೇಶದೊಂದಿಗೆ ದಾಖಲಿಸುತ್ತೇವೆ, ಅದೇ ಕಮಿಟ್. ಒಬ್ಬರ ಕಮಿಟ್ ಸಂದೇಶ ಮಲಯಾಳದಲ್ಲಿ, ಇನ್ನೊಬ್ಬರದು ಇಂಗ್ಲಿಷಿನಲ್ಲಿ, ನನ್ನದು ಕನ್ನಡದಲ್ಲಿ. ಅರ್ಧದಷ್ಟು ಸಂದೇಶಗಳಲ್ಲಿ ‘ಅಪ್‌ಡೇಟ್’ ಎಂಬ ಒಂದೇ ಪದ. ಸಂದೇಶದ ಮೊದಲಿಗೆ ಲೇಬಲ್ ಹಾಕುವ ಕ್ರಮ ತರಬೇಕೆಂದಿದ್ದೇವೆ. ಯಾವುದು ಬಾಳಿಕೆ ಬರುತ್ತದೆ?

ಮುಳ್ಳೇರಿಯದಿಂದ:
ಟೀಚರೇ, ಇದೇ ಬಗೆಯ ಕೆಲಸದಲ್ಲಿ ಪೆಟ್ಟು ತಿಂದವನು ನಾನು. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳ ವಿಶೇಷ ಅಕ್ಷರಗಳು) ಯೂನಿಕೋಡ್‌ನಲ್ಲಿ ಎರಡು ರೂಪಗಳಿವೆ. ಮೊದಲು ವ್ಯಂಜನ, ಸ್ವರವಿಲ್ಲವೆಂದು ತೋರಿಸುವ ಚಂದ್ರಕ್ಕಲ ಚಿಹ್ನೆ, ಕಣ್ಣಿಗೆ ಕಾಣದ ಒಂದು ಜೋಡಕ, ಈ ಮೂರು ಸೇರಿ ಒಂದು ಚಿಲ್ಲು ಆಗುತ್ತಿತ್ತು. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಸ್ವತಂತ್ರ ಸಂಕೇತಗಳು ಬಂದವು. ತೆರೆಯ ಮೇಲೆ ಎರಡೂ ಒಂದೇ, ಹುಡುಕಾಟಕ್ಕೆ ಮಾತ್ರ ಬೇರೆ ಬೇರೆ. ನಮ್ಮವರೊಬ್ಬರು ಇಡೀ ಪದಪಟ್ಟಿಯನ್ನು ಹೊಸ ರೂಪಕ್ಕೆ ತಂದು ‘ಸಣ್ಣ ತಿದ್ದುಪಡಿ’ ಎಂದು ಬರೆದು ಕಮಿಟ್ ಮಾಡಿದ್ದರು. ಹುಡುಕುವ ಭಾಗ ಹಳೆಯ ರೂಪಕ್ಕೇ ಕಾಯುತ್ತಿತ್ತು. ಚಿಲ್ಲು ಇರುವ ಯಾವ ಪದವೂ ಸಿಗದಾಯಿತು. ಕಮಿಟ್‌ಗಳ ಪಟ್ಟಿಯಾದ ಲಾಗ್ ಓದುವಾಗ ಆ ಸಾಲನ್ನು ನಾವೆಲ್ಲರೂ ದಾಟಿ ಹೋದೆವು, ಸಣ್ಣದು ತಾನೇ ಎಂದು. ಎರಡು ರಾತ್ರಿ ಕೆಟ್ಟ ಮೇಲೆ ಬೈಸೆಕ್ಟ್ ಮಾಡಿದಾಗ, ಎಂದರೆ ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ದೋಷ ಹುಡುಕಿದಾಗ, ಸಿಕ್ಕಿಬಿತ್ತು.

ಅಂದಿನಿಂದ ‘ಕನ್ವೆನ್ಷನಲ್ ಕಮಿಟ್ಸ್’ ಪದ್ಧತಿ ಹಿಡಿದಿದ್ದೇವೆ. ಹೊಸ ಸೌಲಭ್ಯಕ್ಕೆ ‘ಫೀಟ್’, ದೋಷ ಸರಿಪಡಿಸಿದ್ದಕ್ಕೆ ‘ಫಿಕ್ಸ್’. ಹಳೆಯದರೊಂದಿಗೆ ಹೊಂದದ ಬದಲಾವಣೆಯಾದರೆ ಲೇಬಲ್ಲಿನ ಬೆನ್ನಿಗೇ, ವಿವರಣಚಿಹ್ನೆಗೆ (:) ಮೊದಲು, ಆಶ್ಚರ್ಯಸೂಚಕ ಚಿಹ್ನೆ. ಆ ಚಿಲ್ಲಿನ ಕಮಿಟ್‌ಗೆ ಈ ಒಂದು ಚಿಹ್ನೆ ಇದ್ದಿದ್ದರೆ! ತಂತ್ರಾಂಶದ ಆವೃತ್ತಿಯ ಮೂರು ಅಂಕಿಗಳೂ (1.4.2 ಎಂಬಂತೆ) ಇದನ್ನೇ ಅನುಸರಿಸುತ್ತವೆ: ಫಿಕ್ಸ್‌ಗೆ ಕೊನೆಯದು, ಫೀಟ್‌ಗೆ ನಡುವಿನದು, ಹೊಂದದ ಬದಲಾವಣೆಗೆ ಮೊದಲನೆಯದು ಏರುತ್ತದೆ. ಬೇರೆ ಲೇಬಲ್‌ಗಳನ್ನು ನಾವೇ ಸೇರಿಸಿಕೊಳ್ಳಬಹುದು. ಪದಕೋಶದಲ್ಲಿ ಹೆಚ್ಚಿನ ಕಮಿಟ್‌ಗಳು ಪದ ಸೇರಿಸುವುದೇ ಆದ್ದರಿಂದ ‘ಪದ’ ಎಂಬುದೊಂದನ್ನು ಇಟ್ಟುಕೊಂಡೆವು. ಬಿಡಿ ಕೆಲಸಗಳಿಗೆಂದು ಬಳಸುವ ‘ಚೋರ್’ ಅನ್ನು ತೆಗೆದುಹಾಕಿದೆವು. ಯೋಚಿಸಲು ಬೇಸರವಾದವರು ಎಲ್ಲವನ್ನೂ ಅದರೊಳಗೆ ತುರುಕುತ್ತಿದ್ದರು.

ಉಪ್ಪಳದಿಂದ:
ಬದಲಾವಣೆಯ ಬಗೆಗಿಂತ ಜಾಗ ಮುಖ್ಯ ಎಂಬುದು ನನ್ನ ಅನುಭವ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಮೊದಲಿಗೆ ಬರೆಯುವುದು ಯಾವ ಉಪವಿಭಾಗ ಎಂಬುದನ್ನೇ. ದೋಷ ಸರಿಪಡಿಸಿದ್ದರೆ, ಆ ದೋಷವನ್ನು ತಂದ ಕಮಿಟ್‌ನ ಹ್ಯಾಷ್‌ನ (ಗಿಟ್ ಕೊಡುವ ಗುರುತಿನ ಸಂಕೇತ) ಮೊದಲ 12 ಅಕ್ಷರಗಳನ್ನು ಸಂದೇಶದ ತಳದಲ್ಲಿ ‘ಫಿಕ್ಸಸ್’ ಸಾಲಿನಲ್ಲಿ ಕೊಡುತ್ತಾರೆ. ನೀವು ಆವರಣದಲ್ಲಿ ಜಾಗ ಸೇರಿಸಿ: ‘ಫಿಕ್ಸ್(ಹುಡುಕಾಟ)’, ‘ಪದ(ತುಳು)’. ತುಳು ಬಲ್ಲವರು ತಮ್ಮದನ್ನಷ್ಟೇ ಹೆಕ್ಕಿ ಪರಿಶೀಲಿಸಬಹುದು.

ಮಂಜೇಶ್ವರದಿಂದ:
ಭಾಷೆಯ ವಿಚಾರ. ಲೇಬಲ್ ಯಂತ್ರವೂ ಓದುವಂಥದ್ದು, ಎಲ್ಲರೂ ಒಂದೇ ಕಾಗುಣಿತದಲ್ಲಿ ಬರೆಯಲಿ. ಮುಂದಿನ ವಿವರಣೆ ಅವರವರ ಭಾಷೆಯಲ್ಲೇ ಇರಲಿ. ಕಾಸರಗೋಡಿನಲ್ಲಿ ಅದನ್ನು ಓದಬಲ್ಲವರು ಸಿಕ್ಕೇ ಸಿಗುತ್ತಾರೆ. ಬರದ ಇಂಗ್ಲಿಷಿಗೆ ಒತ್ತಾಯಿಸಿದರೆ ಮತ್ತೆ ‘ಅಪ್‌ಡೇಟ್’ ಎಂದೇ ಬರೆಯುತ್ತಾರೆ. ಒಂದು ಎಚ್ಚರಿಕೆ: ಮೊದಲ ಸಾಲು 50 ಅಕ್ಷರದೊಳಗಿರಬೇಕೆಂಬ ರೂಢಿಯನ್ನು ಪರೀಕ್ಷಿಸುವ ಸ್ಕ್ರಿಪ್ಟ್ ಬೈಟ್ ಎಣಿಸುವಂತಿದ್ದರೆ ಕನ್ನಡಕ್ಕೆ ಅನ್ಯಾಯವಾಗುತ್ತದೆ. ಗಣಕ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ‘ದೋಷ’ ಎಂಬ ಪದವೇ 9 ಬೈಟ್. ಅಂಥ ಪರೀಕ್ಷೆಯ ಹುಕ್ (ಕಮಿಟ್ ಮಾಡುವಾಗ ತಾನಾಗಿ ಓಡುವ ಸ್ಕ್ರಿಪ್ಟ್) ಕ್ಲೋನ್ ಮಾಡಿದವರಿಗೆ, ಎಂದರೆ ಯೋಜನೆಯ ಪ್ರತಿ ಇಳಿಸಿಕೊಂಡವರಿಗೆ, ತಾನಾಗಿ ಹೋಗುವುದೂ ಇಲ್ಲ. ನಾಲ್ವರ ಗಣಕದಲ್ಲೂ ಒಮ್ಮೆ ಕೂರಿಸಿಕೊಡಿ.

ಕೇಳಿದವರು:
ಉಪಕಾರವಾಯಿತು. ಫೀಟ್, ಫಿಕ್ಸ್, ಪದ, ಈ ಮೂರರಿಂದ ಆರಂಭಿಸುತ್ತೇವೆ. ಹಳೆಯ ‘ಅಪ್‌ಡೇಟ್’ಗಳನ್ನೂ ತಿದ್ದಬೇಕೇ?

ಮುಳ್ಳೇರಿಯದಿಂದ:
ಬೇಡ ಟೀಚರೇ. ಸಂದೇಶ ತಿದ್ದಿದರೆ ಆ ಕಮಿಟ್‌ನ ಹ್ಯಾಷ್ ಬದಲಾಗುತ್ತದೆ, ಅದರ ನಂತರದವೂ ಬದಲಾಗುತ್ತವೆ. ಉಳಿದ ಮೂವರ ಪ್ರತಿಗಳು ನಿಮ್ಮದರೊಂದಿಗೆ ಹೊಂದುವುದಿಲ್ಲ. ಇವತ್ತಿನ ಕಮಿಟ್‌ಗೊಂದು ಟ್ಯಾಗ್ (ಗುರುತಿನ ಹೆಸರು) ಹಾಕಿ, ಅಲ್ಲಿಂದ ಮುಂದೆ ಹೊಸ ಕ್ರಮ ನಡೆಯಲಿ.