ವಕೀಲರ ತೊಡೆಗೆ ತಡೆಯಾಜ್ಞೆ

ಕಲಬುರಗಿಯ ಎನ್.ವಿ. ಮೈದಾನದಲ್ಲಿ ಭಾನುವಾರ ಕ್ರಿಕೆಟ್ ಆಡುವ ನಮ್ಮ ತಂಡದಲ್ಲಿ ರನ್ನುಗಳಿಗಿಂತ ಕ್ರೇಪ್ ಬ್ಯಾಂಡೇಜುಗಳ ಲೆಕ್ಕವೇ ದೊಡ್ಡದು. ಈ ಸಲವೂ ವಕೀಲ ಸಾಹೇಬರು ಎರಡನೇ ರನ್ನಿಗೆ ಓಡುತ್ತ, ಕಳೆದ ಬಾರಿ ಹಿಡಿದುಕೊಂಡಿದ್ದ ಅದೇ ಬಲತೊಡೆಯ ಹಿಂಭಾಗವನ್ನೇ ಹಿಡಿದುಕೊಂಡು ಕುಳಿತುಬಿಟ್ಟರು. ಸುಸಲಾ, ಮಿರ್ಚಿಭಜ್ಜಿ ಬಂದೊಡನೆ ಚರ್ಚೆಯೂ ಆರಂಭವಾಯಿತು.

“ನೋವೇ ಇರಲಿಲ್ಲ ಮಾಸ್ತರರೇ, ನಿನ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದೇನೆ” ಎಂದು ವಕೀಲರು ತಮ್ಮ ಪರವಾಗಿ ತಾವೇ ವಾದಿಸಿದರು.

“ನೋವು ನಿಂತದ್ದು ತಡೆಯಾಜ್ಞೆ ಸಾಹೇಬರೇ, ತೀರ್ಪಲ್ಲ” ಎಂದರು ದೈಹಿಕ ಶಿಕ್ಷಣದ ಮಾಸ್ತರರು. “ಹ್ಯಾಮ್‌ಸ್ಟ್ರಿಂಗ್‌ಗೆ, ಅಂದರೆ ತೊಡೆಯ ಹಿಂಭಾಗದ ಸ್ನಾಯುವಿಗೆ, ಪೆಟ್ಟಾಗಲು ಇರುವ ಕಾರಣಗಳಲ್ಲಿ ಬಹು ದೊಡ್ಡದು, ಅದಕ್ಕೆ ಹಿಂದೊಮ್ಮೆ ಪೆಟ್ಟಾಗಿರುವುದೇ. ಎರಡೂ ಕಾಲಿನ ಬಲ ಸಮವಾಗಿ, ಮೊದಲು ನಿಧಾನದ ಓಟ, ಆಮೇಲೆ ಮುಕ್ಕಾಲು ವೇಗದ್ದು, ಕೊನೆಗೆ ಪೂರ್ತಿ ವೇಗದ್ದು, ಇವೆಲ್ಲ ನೋವಿಲ್ಲದೆ ಮುಗಿದ ಮೇಲೆಯೇ ಪಂದ್ಯದ ಮಾತು. ಮೆಟ್ಟಿಲು ಹತ್ತಿದ್ದನ್ನು ಸಾಕ್ಷ್ಯವೆಂದು ಒಪ್ಪಲಾಗದು.”

ಬ್ಯಾಂಕಿನ ಗೆಳೆಯರಿಗೆ ಬೇರೆಯೇ ಆಕ್ಷೇಪವಿತ್ತು. “ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಆಟಕ್ಕೆ ಮುಂಚೆ ಮೈ ಬಿಸಿಮಾಡುವ ವಾರ್ಮ್-ಅಪ್ ಬೆಂಗಳೂರಿನವರು ಮಾಡಿಕೊಳ್ಳಲಿ. ನಾವು ಮನೆಯಿಂದ ಹೊರಡುವಾಗಲೇ ಬೆಂದಿರುತ್ತೇವೆ.”

ಈ ವಾದ ಎಷ್ಟು ಸಮಂಜಸವಾಗಿ ಕೇಳಿಸಿತೆಂದರೆ, ಭಜ್ಜಿ ಕೂಡ ಸ್ವಲ್ಪ ಹೊತ್ತು ತಟ್ಟೆಯಲ್ಲೇ ಉಳಿಯಿತು.

“ಬಿಸಿಲಿಗೆ ಕಾಯುವುದು ನಿಮ್ಮ ನೆತ್ತಿ” ಎಂದರು ಮಾಸ್ತರರು. “ಸ್ನಾಯುವಿಗೆ ರಕ್ತ ಹರಿದು, ನರಗಳು ಚುರುಕಾಗಿ, ಓಟದ ಎಳೆತಕ್ಕೆ ಕಾಲು ಸಿದ್ಧವಾಗಬೇಕಾದರೆ ಕಾಲೇ ಆಡಬೇಕು. ಬೇಸಿಗೆಯಲ್ಲಿ ನೆರಳಿನಲ್ಲಿ ಮಾಡಿ, ಹೊತ್ತನ್ನು ಕಡಿಮೆ ಮಾಡಿ, ನೀರು ಕುಡಿಯಿರಿ. ಬಿಟ್ಟು ಮಾತ್ರ ಬಿಡಬೇಡಿ.”

“ನಾನು ಬಿಟ್ಟೇ ಇಲ್ಲ” ಎಂದ ನಮ್ಮ ವೇಗದ ಬೌಲರ್. ಸ್ಕೂಟರಿನ ಸೀಟಿನ ಮೇಲೆ ಹಿಮ್ಮಡಿಯಿಟ್ಟು ಚಹಾ ಬರುವವರೆಗೂ ಕದಲದೆ ನಿಲ್ಲುವುದು ಅವನ ಪದ್ಧತಿ. ಅದನ್ನು ನೋಡಿದವರಿಗೆ ಸ್ಕೂಟರಿನ ಮೇಲೆಯೇ ಹೆಚ್ಚು ಕನಿಕರ ಬರುತ್ತದೆ.

“ಒಂದೇ ಭಂಗಿಯಲ್ಲಿ ನಿಮಿಷಕ್ಕೂ ಮೀರಿ ಎಳೆದು ಹಿಡಿದರೆ ಸ್ನಾಯುವಿನ ಕಸುವು ಕೆಲಹೊತ್ತು ತಗ್ಗುತ್ತದೆ, ಅದು ಪಂದ್ಯ ಮುಗಿದ ಮೇಲಿರಲಿ” ಎಂದರು ಮಾಸ್ತರರು. “ಮೊದಲು ಹಗುರ ಓಟ, ಮೊಣಕಾಲೆತ್ತಿ ನಡಿಗೆ, ಕಾಲು ಬೀಸುವುದು, ಆಮೇಲೆ ಅರ್ಧ ರನ್-ಅಪ್‌ನಿಂದ ನಾಲ್ಕಾರು ನಿಧಾನದ ಎಸೆತ. ಫುಟ್‌ಬಾಲಿಗರಿಗೆಂದು ಫಿಫಾ ರೂಪಿಸಿದ ‘11+’ ವಾರ್ಮ್-ಅಪ್ ಅಭ್ಯಾಸ ಸುಮಾರು 20 ನಿಮಿಷದ್ದು.”

“ಇಪ್ಪತ್ತು ನಿಮಿಷವೇ? ನಮ್ಮ ಟಾಸಿನ ಜಗಳವೇ ಅದಕ್ಕಿಂತ ದೀರ್ಘ” ಎಂದರು ಬ್ಯಾಂಕಿನವರು.

“ಹಾಗಾದರೆ ಜಗಳವನ್ನು ಓಡುತ್ತ ಆಡಿ.”

ನಂತರ ಮಾಸ್ತರರು ಹ್ಯಾಮ್‌ಸ್ಟ್ರಿಂಗ್ ಗಟ್ಟಿಮಾಡುವ ನಾರ್ಡಿಕ್ ವ್ಯಾಯಾಮಕ್ಕೆ ಬಂದರು. ಮಂಡಿಯೂರಿ ಕುಳಿತವನ ಕಣಕಾಲನ್ನು ಇನ್ನೊಬ್ಬ ಒತ್ತಿ ಹಿಡಿಯಬೇಕು, ಕುಳಿತವನು ಸೊಂಟ ಬಾಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಇಳಿಯಬೇಕು. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ ಹೊಸ ಪೆಟ್ಟುಗಳೂ, ಅವಕ್ಕಿಂತ ಹೆಚ್ಚಾಗಿ ಮರುಪೆಟ್ಟುಗಳೂ ಕಡಿಮೆಯಾಗಿದ್ದವು. ಕೂಡಲೇ ಬ್ಯಾಂಕಿನವರು ಮಂಡಿಯೂರಿದರು, ಬೌಲರ್ ಕಣಕಾಲು ಹಿಡಿದ. ‘ನಿಧಾನ’ ಎಂಬ ಮಾತು ಮುಗಿಯುವ ಮೊದಲೇ ಅವರ ಮೂಗು ಮಣ್ಣು ಮುಟ್ಟಿತ್ತು.

“ನಾನಿನ್ನು ಕಾಲು ಗಟ್ಟಿಯಾಗುವವರೆಗೆ ಅಂಪೈರ್ ಆಗಿರುತ್ತೇನೆ” ಎಂದು ಕುಳಿತಲ್ಲಿಂದಲೇ ವಕೀಲರು ಘೋಷಿಸಿದರು.

“ಬೇಡವೇ ಬೇಡ” ಎಂದು ಬೌಲರ್ ಕೈಮುಗಿದ. “ಎಲ್‌ಬಿಡಬ್ಲ್ಯೂ ಕೇಳಿದರೆ ಇವರು ಮುಂದಿನ ತಿಂಗಳಿಗೆ ವಾಯಿದೆ ಹಾಕುತ್ತಾರೆ.”