ಅಮ್ಮನ ಬೀಡಿ ಪಿಂಚಣಿಯ ಜೀವಿತ ಪತ್ರ: ಬಸ್ಸು ಹತ್ತಿಸದೆ ಮಾಡ್ಲಿಕ್ಕೆ ದಾರಿ ಉಂಟಾ?

ಹಿರಿಯಡ್ಕದವಳು:
ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಈಗ ಅವರಿಗೆ ಪಿಎಫ್ ಪಿಂಚಣಿ ಬರ್ತದೆ, ಇಪಿಎಸ್-95 ಅಂದ್ರೆ 1995ರ ನೌಕರರ ಪಿಂಚಣಿ ಯೋಜನೆಯದ್ದು. 2014ರಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ, ತಿಂಗಳಿಗೆ 1,000 ರೂಪಾಯಿ. ಅದು ನಿಲ್ಲಬಾರದು ಅಂತಾದ್ರೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣ ಪತ್ರ ಕೊಡ್ಬೇಕು. ಖಾತೆ ಇರುದು ಉಡುಪಿ ಪೇಟೆಯ ಒಂದು ಬ್ಯಾಂಕಿನಲ್ಲಿ.

ನಮ್ಮ ರೂಟಿನಲ್ಲಿ ಬಸ್ಸಿಗೆ ಬರಗಾಲ ಇಲ್ಲ. ಹೆಬ್ರಿ ಕಡೆಯಿಂದ ಸರ್ವಿಸ್ ಬಸ್ಸುಗಳು ಒಂದರ ಹಿಂದೆ ಒಂದು ಬರ್ತವೆ. ಆದ್ರೆ ನಿಲ್ಲುದು ಎಷ್ಟು ಹೊತ್ತು? ಅಮ್ಮನಿಗೆ ಎರಡೂ ಮೊಣಕಾಲು ನೋವು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈ ಮೊಣಕಾಲಿಗೆ ಊರಿ ಮೊದಲ ಮೆಟ್ಟಲಿಗೆ ಕಾಲಿಡುವಷ್ಟರಲ್ಲಿ ವಿಶಲ್ ಬೀಳ್ತದೆ. ‘ದುಂಬು ಪೋಲೆ, ದುಂಬು ಪೋಲೆ’ (ಮುಂದೆ ಹೋಗಿ) ಅಂತ ತುಳುವಿನಲ್ಲಿ ಕಂಡಕ್ಟರ್ ಬೊಬ್ಬೆ ಹೊಡಿತಾನೆ. ಮೊನ್ನೆ ಎರಡನೇ ಕಾಲು ರಸ್ತೆಯಲ್ಲಿ ಇರುವಾಗಲೇ ಬಸ್ಸು ಎಳೆದದ್ದು. ನಾನು ಹಿಂದೆ ಇದ್ದೆ, ಸೊಂಟ ಹಿಡಿದು ಒಳಗೆ ದೂಡಿದೆ. ಒಬ್ಬರೇ ಬಂದಿದ್ರೆ ಎಂತ ಆಗ್ತಿತ್ತು?

ಅಷ್ಟು ಕಷ್ಟಪಟ್ಟು ಹೋದ್ರೆ ಬ್ಯಾಂಕಿನಲ್ಲಿ ಬೆರಳಚ್ಚು ಬರ್ಲಿಲ್ಲ. ಸೆರಗಿಗೆ ಒರೆಸಿ ಹೆಬ್ಬೆರಳು ಇಟ್ಟರು, ತೋರುಬೆರಳು ಇಟ್ಟರು, ಕೈ ಬದಲಿಸಿ ಇಟ್ಟರು. ವರ್ಷಗಟ್ಟಲೆ ಎಲೆ ಸುತ್ತಿ ಸವೆದ ಬೆರಳು, ಅದರಲ್ಲಿ ಗೆರೆ ಎಲ್ಲಿ ಉಳಿದಿರ್ತದೆ? ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂತ ಕಳಿಸಿದ್ರು. ನಾನು ಮಂಗಳೂರಲ್ಲಿ ಅಂಗಡಿ ಕೆಲಸಕ್ಕೆ ಹೋಗುವವಳು, ರಜೆ ಹಾಕಿದ್ರೆ ಆ ದಿನದ ಸಂಬಳ ಇಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ ಅಂತ ಘಟ್ಟದ ಮೇಲಿನವರು ಹೇಳುವಾಗ ನನಗೆ ಸಂಕಟ ಆಗ್ತದೆ. ಶಕ್ತಿ ಯೋಜನೆ ಇರುದು ಸರ್ಕಾರಿ ಬಸ್ಸಿಗೆ, ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗೆ ಓಡುದು ಖಾಸಗಿ ಬಸ್ಸು.

ಮನೆಯಲ್ಲೇ ಕೂತು ಇದನ್ನು ಮಾಡಿಸ್ಲಿಕ್ಕೆ ಆಗ್ತದಾ? ಮತ್ತೆ ಈ ಬಸ್ಸಿನವರ ಬಗ್ಗೆ ಯಾರ ಹತ್ರ ಹೇಳುದು?

ಅಂಚೆಯಲ್ಲಿದ್ದವ:
ತಂಗಿ, ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವ. ಅಮ್ಮನನ್ನು ಬ್ಯಾಂಕಿಗೆ ಕರ್ಕೊಂಡು ಹೋಗುದೇ ಬೇಡ. ನಿಮ್ಮ ಊರಿನ ಅಂಚೆ ಕಚೇರಿಯಲ್ಲಿ ಹೇಳಿಟ್ಟರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಡಿಜಿಟಲ್ ಜೀವನ್ ಪ್ರಮಾಣ್, ಅಂದ್ರೆ ಇದೇ ಜೀವಿತ ಪತ್ರ, ಮಾಡಿ ಕೊಡ್ತಾರೆ. ಸಾಮಾನ್ಯವಾಗಿ ಅದಕ್ಕೆ 70 ರೂಪಾಯಿ ಶುಲ್ಕ. ಇಪಿಎಸ್‌ನವರ ಶುಲ್ಕವನ್ನು ಪಿಎಫ್ ಸಂಸ್ಥೆ (ಇಪಿಎಫ್‌ಒ) ಭರಿಸುವುದು ಅಂತ 2025ರ ನವೆಂಬರ್‌ನಲ್ಲಿ ಅಂಚೆ ಪಾವತಿ ಬ್ಯಾಂಕಿನ ಜೊತೆ ಒಪ್ಪಂದ ಆಗಿದೆ, ಹಾಗಾಗಿ ದುಡ್ಡು ಕೇಳಿದ್ರೆ ಇದನ್ನು ಹೇಳಿ.

ಇನ್ನೊಂದು ವಿಷಯ. ನವೆಂಬರ್‌ನಲ್ಲೇ ಕೊಡ್ಬೇಕು ಅನ್ನುದು ಸರ್ಕಾರಿ ನೌಕರಿಯ ಪಿಂಚಣಿಯವರ ಲೆಕ್ಕ. ನಿಮ್ಮದಕ್ಕೆ ಯಾವ ದಿನ ಕೊಟ್ಟರೂ ಅಲ್ಲಿಂದ ಒಂದು ವರ್ಷ ಮಾನ್ಯ. ಬ್ಯಾಂಕಿನಲ್ಲಿ ನವೆಂಬರ್ ರಶ್ಶಿಗೆ ಸಿಕ್ಕಿಬೀಳ್ಬೇಡಿ. ಮುಂದಿನ ಸಲ ಮಳೆಗಾಲಕ್ಕೆ ಮೊದಲೇ ಮುಗಿಸಿಬಿಡಿ.

ಪರ್ಕಳ ಹುಡುಗ:
ಅಕ್ಕ, ಬೆರಳಚ್ಚು ಬರದಿದ್ರೆ ಮುಖ ತೋರಿಸಿಯೂ ಆಗ್ತದೆ. ನನ್ನ ಅಜ್ಜಿಗೆ ನಾನೇ ಮೊಬೈಲಲ್ಲಿ ಮಾಡಿದ್ದು. ಜೀವನ್ ಪ್ರಮಾಣ್ ಆ್ಯಪ್, ಆಧಾರ್ ಫೇಸ್ ಆರ್‌ಡಿ ಆ್ಯಪ್ ಎರಡೂ ಹಾಕ್ಬೇಕು. ಮೊದಲು ನಿಮ್ಮ ಆಧಾರ್ ಹಾಕಿ ನಿಮ್ಮ ಮುಖ ತೋರಿಸಿ, ಆಮೇಲೆ ಅಮ್ಮನದ್ದು. ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿ, ಬೆನ್ನ ಹಿಂದೆ ಬಿಸಿಲು ಬೇಡ. ಕಣ್ಣು ಮಿಟುಕಿಸಿ ಅಂತ ಕೇಳ್ತದೆ. ನನ್ನ ಅಜ್ಜಿ ಕಣ್ಣು ಗಟ್ಟಿ ಮುಚ್ಚಿ ಕೂತುಬಿಡ್ತಿದ್ರು, ಅದಕ್ಕೇ ಸ್ವಲ್ಪ ತಡ ಆಯ್ತು. ಪಿಪಿಒ ನಂಬರ್ (ಪಿಂಚಣಿ ಆದೇಶದ ನಂಬರ್) ಮಾತ್ರ ಪುಸ್ತಕ ನೋಡಿಯೇ ಹೊಡೀರಿ. ಅದು ತಪ್ಪಿದ್ರೆ ಪತ್ರ ತಿರಸ್ಕಾರ ಆಗ್ತದೆ. ಸರಿ ಹೋದ್ರೆ ಪ್ರಮಾಣ್ ಐಡಿ ಎಸ್ಸೆಮ್ಮೆಸ್ ಬರ್ತದೆ.

ಹಳೇ ಕಂಡಕ್ಟರ್:
ನಾನು ಬೇರೆ ರೂಟಿನಲ್ಲಿ ಕಂಡಕ್ಟರ್ ಆಗಿದ್ದವ. ಅಕ್ಕ ಹೇಳಿದ್ದು ಸುಳ್ಳಲ್ಲ. ಪ್ರತಿ ಬಸ್ಸಿಗೂ ಪರ್ಮಿಟ್‌ನಲ್ಲಿ ಟೈಮಿಂಗ್ ಉಂಟು. ನಿಮಿಷ ತಪ್ಪಿದ್ರೆ ಹಿಂದಿನ ಬಸ್ಸಿನವ ಬಂದು ಜಗಳ ತೆಗೀತಾನೆ, ಕಲೆಕ್ಷನ್ ಕಡಿಮೆ ಆದ್ರೆ ಧಣಿ ಕೇಳ್ತಾರೆ. ಹಾಗಂತ ವಯಸ್ಸಾದವರು ಹತ್ತುವಾಗ ವಿಶಲ್ ಹೊಡೆಯುದು ಯಾವ ನ್ಯಾಯವೂ ಅಲ್ಲ.

ಹತ್ತು ಗಂಟೆ ಕಳೆದ ಮೇಲೆ ಹೊರಡಿ, ಶಾಲೆ-ಕಾಲೇಜು ಮಕ್ಕಳ ಟ್ರಿಪ್ ಮುಗಿದಿರ್ತದೆ. ವಾಪಸ್ ಬರುವಾಗ ದಾರಿಯಲ್ಲಿ ಬಸ್ಸಿಗೆ ಕೈ ತೋರಿಸದೆ ಉಡುಪಿ ಸರ್ವಿಸ್ ಸ್ಟ್ಯಾಂಡಿನಲ್ಲೇ ಹತ್ತಿಸಿ, ಅಲ್ಲಿ ಬಸ್ಸು ನಿಂತಿರ್ತದೆ. ಇಳಿಯುವ ಸ್ಟಾಪ್ ಮೊದಲೇ ಹೇಳಿಡಿ.

ದೂರು ಕೊಡುದಾದ್ರೆ ಬಾಯಿಮಾತಿನಲ್ಲಿ ಬೇಡ. ಬಸ್ಸಿನ ನಂಬರ್, ದಿನ, ಗಂಟೆ, ಸ್ಟಾಪ್ ಬರೆದು ಟಿಕೆಟ್‌ನ ಫೋಟೋ ಇಟ್ಟು ಆರ್‌ಟಿಒಗೆ ಕೊಡಿ, ಒಂದು ಪ್ರತಿ ಡಿಸಿಗೆ. ಪರ್ಮಿಟ್ ಕೊಡುವ ಪ್ರಾಧಿಕಾರಕ್ಕೆ ಡಿಸಿಯೇ ಅಧ್ಯಕ್ಷರು. ತುಂಬ ಜನರ ಸಹಿ ಇದ್ದ ಅರ್ಜಿಗೆ ತೂಕ ಜಾಸ್ತಿ.

ಹಿರಿಯಡ್ಕದವಳು:
ತುಂಬ ಉಪಕಾರ ಆಯ್ತು ಎಲ್ಲರಿಂದ. ಆದಿತ್ಯವಾರ ಜಗಲಿಯಲ್ಲಿ ಕೂರಿಸಿ ಮುಖದ್ದು ಮಾಡಿದೆ, ಐಡಿ ಬಂತು. ಅಮ್ಮ ‘ಇಷ್ಟೆಯಾ?’ ಅಂತ ಕೇಳಿದ್ರು. ಇದನ್ನು ಆ ಬ್ಯಾಂಕಿನವರು ಒಂದು ಮಾತು ಹೇಳಿದ್ರೆ ಏನು ಹೋಗ್ತಿತ್ತು? ನಮ್ಮ ಬೀಡಿ ಬ್ರಾಂಚಿಗೆ (ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗ) ಬೀಡಿ ಹಾಕಿದ ಹೆಂಗಸರು ಎಷ್ಟೋ ಮಂದಿ ಇದೇ ಪಿಂಚಣಿಯವರು, ಎಲ್ಲರ ಬೆರಳೂ ಹೀಗೇ. ಈ ವಾರ ಅಕ್ಕಪಕ್ಕದ ಮನೆಯವರದ್ದೂ ಮಾಡಿ ಕೊಡ್ತೇನೆ.

ಆದ್ರೆ ಬಸ್ಸಿನದ್ದು ಬಿಡುವ ಹಾಗಿಲ್ಲ. ಮೊಣಕಾಲಿನ ಮದ್ದಿಗೆ ಮಣಿಪಾಲಕ್ಕೆ ಹೋಗ್ಲೇಬೇಕು, ಅದು ಮೊಬೈಲಲ್ಲಿ ಆಗುದಿಲ್ಲ. ವಯಸ್ಸಾದವರು ಎರಡೂ ಕಾಲು ಒಳಗಿಟ್ಟ ಮೇಲೆಯೇ ವಿಶಲ್ ಹೊಡೀಬೇಕು, ಅಷ್ಟೇ ನಮ್ಮ ಬೇಡಿಕೆ. ಅರ್ಜಿ ನಾನು ಬರೀತೇನೆ. ಪೆರ್ಡೂರು, ಹಿರಿಯಡ್ಕ, ಪರ್ಕಳ ಕಡೆಯವರು ಸಹಿ ಹಾಕುದಾದ್ರೆ ಇಲ್ಲಿ ಹೇಳಿ, ಶನಿವಾರ ಸಂಜೆ ಹಿರಿಯಡ್ಕ ಪೇಟೆಯಲ್ಲಿ ಸಿಗ್ತೇನೆ.