ಮೈಸೂರಲ್ಲಿ ಶನಿವಾರ ಭಾನುವಾರ ಸಿಗ್ತಿದೆ, ಊರಿನ ಫೋಟೋ ತೆಗೀಬೇಕು, ಎಲ್ಲಿಂದ ಶುರು ಮಾಡ್ಲಿ?

ಶಿರಾಗೇಟ್ ಟೀಚರ್ (ತುಮಕೂರು)

ಎಲ್ರಿಗೂ ನಮಸ್ಕಾರ. ಮಗಳಿಗೆ ಮಾನಸಗಂಗೋತ್ರಿಲಿ ಎಂಎ ಸೀಟ್ ಆಗಿದೆ, ಆಗಸ್ಟ್ ಕೊನೇಲಿ ಹಾಸ್ಟೆಲಿಗೆ ಬಿಟ್ಟು ಬರೋಕೆ ಹೋಗ್ತಿದೀವಿ, ಕುಣಿಗಲ್ ಮದ್ದೂರು ಮೇಲೆ ಕಾರಲ್ಲಿ. ಶನಿವಾರ ಮಧ್ಯಾಹ್ನದೊಳಗೆ ಲಗೇಜ್ ಕೆಲಸ ಎಲ್ಲ ಮುಗಿದುಬಿಡತ್ತೆ, ಆಮೇಲೆ ಭಾನುವಾರ ರಾತ್ರಿವರೆಗೂ ನಾನು ಫ್ರೀ. ಹತ್ರ ಇರೋದು ಹಳೇ ಡಿಎಸ್ಎಲ್ಆರ್ ಒಂದು, ಅದರ ಜೊತೆ ಬಂದ 18-55 ಲೆನ್ಸು, ಮತ್ತೆ ಮೊಬೈಲು.

ಅರಮನೆ, ಚಾಮುಂಡಿ ಬೆಟ್ಟ, ಝೂ, ಇವು ಸ್ಕೂಲ್ ಟ್ರಿಪ್ ಕರ್ಕೊಂಡು ಹೋಗಿ ಹೋಗಿ ಸಾಕಷ್ಟಾಗಿವೆ. ನನಗೆ ಬೇಕಿರೋದು ಅದಲ್ಲ. ಮಗಳು ಇನ್ಮೇಲೆ ದಿನಾ ಓಡಾಡೋ ಊರು ಹೆಂಗಿದೆ ಅಂತ ನೋಡ್ಬೇಕು, ಕಾಲೇಜು, ಲೈಬ್ರರಿ, ಹಳೇ ರಸ್ತೆ, ಬೆಳಿಗ್ಗೆ ಹಾಲು ಹೂವು ತರೋ ಜನ, ಯೂನಿವರ್ಸಿಟಿ ಬಂದು ನೂರು ವರ್ಷ ದಾಟಿರೋ ಊರಲ್ಲಿ ಆ ಕಟ್ಟಡಗಳನ್ನ ಜನ ಈಗ ಹೆಂಗೆ ಬಳಸ್ತಿದಾರೆ ಅನ್ನೋದು. ಎಲ್ಲಿ, ಎಷ್ಟೊತ್ತಿಗೆ ಹೋಗ್ಬೇಕು ಅಂತ ಗೊತ್ತಿರೋರು ಹೇಳಿ. ಇನ್ನೊಂದು, ಎತ್ತರದ ಕಟ್ಟಡ ತೆಗೆದ್ರೆ ಹಿಂದಕ್ಕೆ ವಾಲಿದ ಹಾಗೆ ಬರತ್ತೆ, ಅದಕ್ಕೇನು ಮಾಡ್ಬೇಕು?

ಅಂತರಗಂಗೆ ಕ್ಲಿಕ್ಸ್ (ಕೋಲಾರ)

ಅಕ್ಕ, ಭಾನುವಾರ ಬೆಳಿಗ್ಗೆ ಆರು ಆರೂವರೆಗೆ ದೇವರಾಜ ಮಾರ್ಕೆಟ್ಟಲ್ಲಿ ಇರಿ, ಬೇರೆ ಎಲ್ಲಾ ಆಮೇಲೆ. ಹತ್ತು ಗಂಟೆ ಮೇಲೆ ಹೋದ್ರೆ ಟೂರಿಸ್ಟ್ ಜನ ಕುಂಕುಮದ ಗುಡ್ಡೆ ಮುಂದೆ ಸಾಲಾಗಿ ನಿಂತಿರ್ತಾರೆ, ಎಲ್ರ ಮೊಬೈಲಲ್ಲೂ ಅದೇ ಫೋಟೋ ಐತೆ. ಬೆಳಿಗ್ಗೆ ಹೋದ್ರೆ ಹೂವಿನ ಮೂಟೆ ಬಿಚ್ಚೋದು, ಬಾಳೆಗೊನೆ ಹೆಗಲ ಮೇಲೆ ತರೋದು, ವೀಳ್ಯದೆಲೆ ಕಟ್ಟು ಎಣಿಸಿ ಒದ್ದೆ ಬಟ್ಟೆ ಹೊದಿಸೋದು, ಇವೆಲ್ಲಾ ಸಿಗ್ತೈತೆ. ಎಲೆ ಎಣಿಸೋರ ಕೈ ನೋಡಿ ಅಕ್ಕ, ಹೆಬ್ಬೆರಳಲ್ಲಿ ಒಂದೊಂದೇ ಎಲೆ ಸರಿಸ್ತಾ ಬಾಯಲ್ಲಿ ಬೇರೆ ಗಿರಾಕಿ ಹತ್ರ ರೇಟ್ ಮಾತಾಡ್ತಾ ಇರ್ತಾರೆ, ಲೆಕ್ಕ ಮಾತ್ರ ತಪ್ಪಲ್ಲ. ಮುಖ ಬೇಡ, ಆ ಕೈ, ಆ ಎಲೆ, ಕೆಳಗಿರೋ ಗೋಣಿಚೀಲ, ಇಷ್ಟೇ ತೆಗೀರಿ ಸಾಕು, 55ಕ್ಕೆ ಝೂಮ್ ಮಾಡಿ ಹತ್ರ ಹೋಗಿ.

ಟೆಕ್ನಿಕಲ್ ವಿಷ್ಯ ಎರಡೇ. ಒಳಗಡೆ ಅಲ್ಲಲ್ಲಿ ನೀಲಿ ಟಾರ್ಪಾಲು ಕಟ್ಟಿರ್ತಾರೆ, ಅದರಡಿ ಮಲ್ಲಿಗೆನೂ ನೀಲಿಯಾಗೇ ಬರ್ತೈತೆ, ಬಣ್ಣ ತಾನೇ ಸರಿ ಮಾಡೋ ಆಟೋ ವೈಟ್ ಬ್ಯಾಲೆನ್ಸ್ ನಂಬ್ಕೋಬೇಡಿ, ಕ್ಯಾಮೆರಾ ಏನೂ ತಿದ್ದದೆ ಹಾಗೇ ಇಡೋ ರಾ ಫೈಲಲ್ಲಿ ತೆಗೆದಿಟ್ಕೊಳ್ಳಿ, ಮನೇಲಿ ಕೂತು ಸರಿ ಮಾಡ್ಬಹುದು. ಮತ್ತೆ ಟ್ಯೂಬ್‌ಲೈಟ್, ಬಲ್ಬು ಇರೋ ಅಂಗಡಿಲಿ ಶಟರ್ ಜಾಸ್ತಿ ಫಾಸ್ಟ್ ಇಟ್ರೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬೀಳ್ತೈತೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೇ ಶಟರ್ ಸೆಕೆಂಡಿನ 1/50 ಇಲ್ಲ 1/100 ಇಡಿ, ಆ ಕಾಟ ಇರಲ್ಲ.

ಆ ಮಾರ್ಕೆಟ್ಟು ಹೆಂಗಿದ್ಯೋ ಹಂಗೇ ತೆಗ್ದಿಟ್ಕೊಳ್ಳಿ. 2016ರ ಆಗಸ್ಟಲ್ಲಿ ಉತ್ತರದ ಕಡೆ ಒಂದು ಭಾಗ ಕುಸಿದು ಬಿತ್ತು. ಎದುರುಗಡೆ ಲ್ಯಾನ್ಸ್‌ಡೌನ್ ಬಿಲ್ಡಿಂಗಲ್ಲಿ 2012ರಲ್ಲಿ ಚಾವಣಿ ಬಿದ್ದು ಜನಾನೇ ಸತ್ತೋದ್ರು. ಎರಡನ್ನೂ ಉಳಿಸ್ಬೇಕಾ, ಕೆಡವಿ ಕಟ್ಬೇಕಾ ಅಂತ ವರ್ಷಗಟ್ಲೆ ಎಳೆದಾಟ ನಡೆದೈತೆ. ಹಂಗಾಗಿ ಕಮಾನು, ಕಂಬ, ಅಂಗಡಿ ಬೋರ್ಡು, ಮರದ ಬಾಗಿಲ ಹಲಗೆ, ಎಲ್ಲಾನೂ ಎದುರು ನಿಂತು ನೀಟಾಗಿ ಒಂದೊಂದು ತೆಗೆದಿಡಿ, ಚೆಂದ ಕಾಣ್ಲಿ ಬಿಡ್ಲಿ. ಬಿದ್ದ ಕಟ್ಟಡದ ಒಳಗೆ ಮಾತ್ರ ನುಗ್ಗಬೇಡಿ.

ನಂದಿಬೆಟ್ಟದ ತಪ್ಪಲು (ಚಿಕ್ಕಬಳ್ಳಾಪುರ)

ಮೇಡಂ, ಮಗಳಿಗೆ ಶುಭವಾಗಲಿ. ನಾನು ಮಹಾರಾಜ ಕಾಲೇಜಲ್ಲಿ ಓದ್ದೋನು, ಆಮೇಲೆ ಲೆಕ್ಚರರ್ ಆಗಿ ರಿಟೈರ್ ಆಗಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಸಹಿಸ್ಕೊಳ್ಳಿ.

ನೀವು ಶನಿವಾರ ಮಧ್ಯಾಹ್ನ ಫ್ರೀ ಆಗೋದೇ ಒಳ್ಳೇದಾಯ್ತು. ಕೃಷ್ಣರಾಜ ಬುಲೆವಾರ್ಡ್ ರಸ್ತೆಗೆ ಹೋಗಿ. ನಡುವೆ ಮರದ ಸಾಲು, ಅದರ ಅಕ್ಕಪಕ್ಕದಲ್ಲೇ ನಡೆದು ಮುಗಿಸೋ ದೂರದಲ್ಲಿ ಮಹಾರಾಜ ಕಾಲೇಜು, ಯುವರಾಜ ಕಾಲೇಜು, ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಸ್ವಲ್ಪ ಮುಂದಕ್ಕೆ ವಿಸಿ (ವೈಸ್ ಚಾನ್ಸಲರ್) ಆಫೀಸಿರೋ ಕ್ರಾಫರ್ಡ್ ಹಾಲ್, ಅಲ್ಲಿಂದ ಕುಕ್ಕರಹಳ್ಳಿ ಕೆರೆ, ಕೆರೆಯ ಆಚೆ ದಡಕ್ಕೆ ಮಾನಸಗಂಗೋತ್ರಿ. ಒಂದು ಯೂನಿವರ್ಸಿಟಿ ಹೇಗೆ ಬೆಳೀತು ಅಂತ ಕಾಲಲ್ಲೇ ನಡೆದು ತಿಳ್ಕೊಬಹುದಾದ ದಾರಿ ಅದು. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರ ಜುಲೈ 27ಕ್ಕೆ, ನಾಲ್ವಡಿಯವರ ಕಾಲ, ಆಗ ದಿವಾನರಾಗಿದ್ದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, ಇದನ್ನ ಹೇಳ್ಕೊಳ್ಳೋಕೆ ನಮ್ಮ ಜಿಲ್ಲೆಯವರಿಗೆ ಯಾವತ್ತೂ ಹೆಮ್ಮೆ. ಗಂಗೋತ್ರಿ ಆಗಿದ್ದು 1960ರಲ್ಲಿ, ಅದು ಕುವೆಂಪು ವಿಸಿ ಆಗಿದ್ದಾಗ ಕಟ್ಟಿದ ಕನಸು, ಹೆಸರೂ ಅವರದ್ದೇ.

ಓರಿಯಂಟಲ್ ಇನ್‌ಸ್ಟಿಟ್ಯೂಟ್ ಮುಂದೆ ಸುಮ್ನೆ ಒಂದು ಕ್ಲಿಕ್ ಹೊಡೆದು ಹೋಗ್ಬೇಡಿ. ಕಟ್ಟಡ ವಿಕ್ಟೋರಿಯಾ ರಾಣಿ ಜ್ಯೂಬಿಲಿ ನೆನಪಿಗೆ ಕಟ್ಟಿದ್ದು, ಸಂಸ್ಥೆ 1891ರದ್ದು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿ ಕಟ್ಟುಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರ ಗುರುತು ಹಿಡಿದು, 1909ರಲ್ಲಿ ಅಚ್ಚು ಮಾಡಿಸಿದ್ರು. ಅಲ್ಲಿವರೆಗೂ ಆ ಗ್ರಂಥ ಪೂರ್ತಿಯಾಗಿ ಉಳಿದಿದೆ ಅಂತ ವಿದ್ವಾಂಸರಿಗೇ ಗೊತ್ತಿರಲಿಲ್ಲ. ಮೊದಲು ಆಫೀಸಲ್ಲಿ ಕೇಳಿ ಅನುಮತಿ ತಗೊಂಡ್ರೆ ಓಲೆಗರಿ ನೋಡೋ ಭಾಗ್ಯ ಸಿಗಬಹುದು. ಗರಿ ಒಣಗಿ ಮುರೀಬಾರ್ದು, ಹುಳ ಹಿಡೀಬಾರ್ದು ಅಂತ ಮಜ್ಜಿಗೆಹುಲ್ಲಿನ ಎಣ್ಣೆ ಸವರ್ತಾರೆ, ಆ ವಾಸನೆ ಕೋಣೆ ತುಂಬ ಇರತ್ತೆ. ಕಂಟದಿಂದ, ಅಂದ್ರೆ ಓಲೆಗರಿ ಮೇಲೆ ಬರೆಯೋ ಚೂಪು ಕಡ್ಡಿಯಿಂದ, ಕೊರೆದ ಅಕ್ಷರದ ಮೇಲೆ ಮಸಿ ಹಚ್ಚಿ ಒರೆಸಿದಾಗ ಗೆರೆಯೊಳಗೆ ಮಾತ್ರ ಕಪ್ಪು ಉಳಿಯತ್ತೆ, ಪಕ್ಕದಿಂದ ಕಿಟಕಿ ಬೆಳಕು ಬಿದ್ರೆ ಆ ಕೊರೆತದ ಆಳ ಫೋಟೋದಲ್ಲೂ ಕಾಣತ್ತೆ. ಫ್ಲ್ಯಾಶ್ ಖಂಡಿತ ಬೇಡ.

ಮಹಾರಾಜ ಕಾಲೇಜಲ್ಲಿ ರಾಧಾಕೃಷ್ಣನ್ ಅವರು 1918ರಿಂದ 21ರವರೆಗೆ ಫಿಲಾಸಫಿ ಪಾಠ ಮಾಡಿದ್ರು. ಕಲ್ಕತ್ತಾಗೆ ಹೊರಟಾಗ ಹುಡುಗ್ರು ಹೂವಿನಿಂದ ಸಿಂಗರಿಸಿದ ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್‌ವರೆಗೂ ಎಳ್ಕೊಂಡು ಹೋದ್ರು. ಆ ಕಾಲೇಜಿನ ಜೂನಿಯರ್ ಬಿಎ ಹಾಲ್‌ನಲ್ಲಿ ಈಗಲೂ ಕಾರ್ಯಕ್ರಮ ನಡೀತಾನೇ ಇರ್ತವೆ. ಖಾಲಿ ಹಾಲ್‌ಗಿಂತ ಕಾರ್ಯಕ್ರಮ ಮುಗಿದು ಹುಡುಗ್ರು ಹೊರಗೆ ಬರೋ ಹೊತ್ತು ನೋಡ್ಕೊಂಡು ವರಾಂಡದಲ್ಲಿ ನಿಲ್ಲಿ, ಕಂಬದ ನೆರಳು ನೆಲದ ಮೇಲೆ ಬಿದ್ದಿರತ್ತೆ, ಅದರ ಮೇಲೆ ನಡೆದು ಬರೋರು ಬೆಳಕಿಗೆ ಬಂದು ಮತ್ತೆ ನೆರಳಿಗೆ ಹೋಗ್ತಾರೆ, ನಿಮಗೆ ಬೇಕಾಗಿರೋ "ಬಳಕೆ" ಅದೇ ಅಲ್ವಾ. ಕ್ಯಾಂಪಸ್‌ಗಳಲ್ಲಿ ಟ್ರೈಪಾಡ್ ಬಿಚ್ಚಿದ್ರೆ ಸೆಕ್ಯುರಿಟಿಯವರು ಬಂದೇ ಬರ್ತಾರೆ, ಕೈಯಲ್ಲೇ ತೆಗೀರಿ, ಮಗಳ ಅಡ್ಮಿಷನ್ ರಸೀದಿ ಜೊತೇಲಿರ್ಲಿ.

ಕ್ಯಾತ್ಸಂದ್ರ 206 (ತುಮಕೂರು)

ಮೇಷ್ಟ್ರು ಹೇಳಿದ್ದಕ್ಕೆ ಎರಡು ಮಾತಿಲ್ಲ. ನಾನು ಟೀಚರಮ್ಮ ಕೇಳಿದ ವಾಲೋ ವಿಷ್ಯಕ್ಕೆ ಬರ್ತೀನಿ.

ಕ್ಯಾಮೆರಾನ ಮೇಲಕ್ಕೆ ಎತ್ತಿದ ಕೂಡ್ಲೇ ಕಂಬ ಗೋಡೆ ಎಲ್ಲ ಮೇಲ್ಗಡೆ ಹತ್ತಿರ ಹತ್ತಿರ ಸೇರ್ಕೊಳತ್ತೆ. ಲೆನ್ಸ್ ತಪ್ಪಲ್ಲ, ಕ್ಯಾಮೆರಾದೊಳಗೆ ಚಿತ್ರ ಹಿಡಿಯೋ ಸೆನ್ಸರ್ರು ಗೋಡೆಗೆ ಸಮಾನಾಂತರ ಇಲ್ಲ ಅಷ್ಟೇ. ಅದಕ್ಕೆ ಕ್ಯಾಮೆರಾ ನೆಟ್ಟಗೆ ಹಿಡೀರಿ, ಕ್ಯಾಮೆರಾದೊಳಗೆ ಲೆವೆಲ್ ಗೆರೆ ಇದ್ರೆ ಆನ್ ಮಾಡ್ಕೊಳ್ಳಿ, ಕಟ್ಟಡದ ತುದಿ ಕಟ್ ಆದ್ರೆ ಹಿಂದಕ್ಕೆ ಹಿಂದಕ್ಕೆ ಹೋಗಿ ರಸ್ತೆ ಆಚೆ ಬದಿಗೆ ನಿಲ್ಲಿ. ಆಗ ಕೆಳಗಡೆ ನೆಲ ಜಾಸ್ತಿ ಬರತ್ತೆ, ಬರ್ಲಿ ಬಿಡಿ, ಅಲ್ಲೇ ಒಂದು ಸೈಕಲ್ಲೋ ಸೌತೆಕಾಯಿ ಗಾಡಿನೋ ಬರೋವರೆಗೂ ಕಾಯಿರಿ, ನಿಮ್ಮ ದಿನನಿತ್ಯದ ಊರು ಆ ಖಾಲಿ ಜಾಗದಲ್ಲೇ ಸಿಗೋದು. ಹಿಂದಕ್ಕೆ ಹೋಗೋಕೆ ಜಾಗ ಇಲ್ದಿದ್ರೆ ಎದುರಿನ ಕಟ್ಟಡದ ಮೊದಲ ಮಹಡಿ ಮೆಟ್ಟಿಲಿಂದ ತೆಗೀರಿ, ಅದೂ ಇಲ್ಲ ಅಂದ್ರೆ ಪೂರ್ತಿ ಕಟ್ಟಡದ ಆಸೆ ಬಿಟ್ಟು ಒಂದು ಕಿಟಕಿ ಒಂದು ಕಮಾನು ತೆಗೀರಿ. ಹೋಗೋಕೆ ಮುಂಚೆ ಒಂದಿನ ಕೈದಾಳದ ಚನ್ನಕೇಶವ ದೇವಸ್ಥಾನದ ಹತ್ರ ಹೋಗಿ ಪ್ರಾಕ್ಟೀಸ್ ಮಾಡ್ಕೊಳ್ಳಿ, ತುಮಕೂರಿಂದ ಎಷ್ಟು ದೂರ ಮಹಾ. ಕೋಲಾರದವರಾದ್ರೆ ಸೋಮೇಶ್ವರ ದೇವಸ್ಥಾನದ ಗೋಪುರಾನೇ ಸಾಕು.

ಆಗಸ್ಟ್ ಅಂದ್ರೆ ಮೋಡ. ಬಿಳೀ ಆಕಾಶ ಫ್ರೇಮಲ್ಲಿ ಅರ್ಧ ತುಂಬಿದ್ರೆ ಕಟ್ಟಡ ಕಪ್ಪಾಗತ್ತೆ. ಆಕಾಶಾನ ಆದಷ್ಟು ಮರದ ಕೊಂಬೆಯಿಂದ ಮುಚ್ಚಿ, ಬುಲೆವಾರ್ಡಲ್ಲಿ ಮರಕ್ಕೇನೂ ಬರ ಇಲ್ಲ. ಅದೇ ಮೋಡದ ಬೆಳಕು ಮಾರ್ಕೆಟ್ಟಿಗೆ, ಗಲ್ಲಿಗೆ, ಜನರ ಮುಖಕ್ಕೆ ತುಂಬ ಒಳ್ಳೇದು, ಗಾಢ ನೆರಳು ಬೀಳಲ್ಲ.

ಒಂದು ವಿಷ್ಯಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅರಮನೆ ಬೇಡ ಅಂತ ಪಕ್ಕಕ್ಕಿಡ್ಬೇಡಿ. ಭಾನುವಾರ ಸಂಜೆ ಏಳಕ್ಕೆ ದೀಪ ಹಾಕ್ತಾರೆ, ಲಕ್ಷದ ಹತ್ರ ಬಲ್ಬು. ಡಿಸೆಂಬರಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗಿರ್ತಾನೆ, ಏಳಕ್ಕೆ ಆಕಾಶ ಪೂರಾ ಕಪ್ಪು, ಫೋಟೋದಲ್ಲಿ ಬಲ್ಬು ಬಿಟ್ರೆ ಏನೂ ಇರಲ್ಲ. ಆಗಸ್ಟ್ ಕೊನೇಲಿ ಮುಳುಗೋದೇ ಆರೂವರೆ ದಾಟಿದ ಮೇಲೆ, ಹಾಗಾಗಿ ದೀಪ ಹತ್ತಿದ ಮೊದಲ ಹತ್ತು ಹದಿನೈದು ನಿಮಿಷ ಆಕಾಶದಲ್ಲಿ ನೀಲಿ ಉಳಿದಿರತ್ತೆ, ಗೋಪುರದ ಆಕಾರ ಎದ್ದು ಕಾಣತ್ತೆ. ಎಕ್ಸ್‌ಪೋಷರ್ ಮೈನಸ್ ಒಂದಕ್ಕೆ ಇಳಿಸಿ, ಇಲ್ಲಾಂದ್ರೆ ಬಲ್ಬೆಲ್ಲ ಸೇರಿ ಬಿಳೀ ಮುದ್ದೆ ಆಗತ್ತೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಮೊಣಕೈ ಯಾವುದಾದ್ರೂ ಕಟ್ಟೆ ಮೇಲೆ ಊರಿ. ಆಮೇಲೆ ಅರಮನೆಗೆ ಬೆನ್ನು ಮಾಡಿ ತಿರುಗಿ. ಆ ದೀಪದ ಬೆಳಕು ಅಲ್ಲಿ ನಿಂತಿರೋ ಸಾವಿರಾರು ಜನರ ಮುಖದ ಮೇಲೆ ಬಿದ್ದಿರತ್ತೆ, ಅಪ್ಪನ ಹೆಗಲ ಮೇಲೆ ಕೂತಿರೋ ಮಕ್ಕಳು, ಹಳ್ಳಿಯಿಂದ ಟೆಂಪೋ ಮಾಡ್ಕೊಂಡು ಬಂದಿರೋ ಅಜ್ಜಿಯರು. ಆ ಹೊತ್ತಲ್ಲಿ ಅರಮನೆನೂ ಜನರ ದಿನನಿತ್ಯದ ಜಾಗಾನೇ.

ಶಿರಾಗೇಟ್ ಟೀಚರ್ (ತುಮಕೂರು)

ಎಷ್ಟೊಂದು ತಾಳ್ಮೆಯಿಂದ ಬರ್ದಿದೀರ ಎಲ್ರೂ, ತುಂಬ ಥ್ಯಾಂಕ್ಸ್. ಅರಮನೆಗೆ ಬೆನ್ನು ಮಾಡಿ ತಿರುಗೋದು ಖಂಡಿತ ಮಾಡ್ತೀನಿ. ಸರ್, ಓಲೆಗರಿ ವಿಷ್ಯ ಓದಿ ಮಗಳೂ ಬರ್ತೀನಿ ಅಂತಿದಾಳೆ, ಅವಳದ್ದು ಹಿಸ್ಟರಿ.

ಇನ್ನೊಂದು ಕೇಳ್ಬೇಕು. ಅಗ್ರಹಾರ, ಚಾಮರಾಜಪುರಂ ಕಡೆ ಹಳೇ ಮನೆಗಳಿವೆಯಲ್ಲ, ಜಗಲಿ, ಮಂಗಳೂರು ಹೆಂಚು, ಬಣ್ಣದ ಗಾಜಿನ ಕಿಟಕಿ ಇರೋವು, ಅವನ್ನ ತೆಗೀಬೇಕು ಅಂತ ಆಸೆ. ಆದ್ರೆ ಯಾರದೋ ಮನೆ ಮುಂದೆ ಕ್ಯಾಮೆರಾ ಹಿಡ್ಕೊಂಡು ನಿಂತ್ರೆ ಏನಂದ್ಕೋತಾರೋ. ಕೇಳಿ ತೆಗೆದ್ರೆ ಎಲ್ರೂ ಸೆಟೆದು ನಿಂತ್ಕೊಂಡು ಪೋಸ್ ಕೊಡ್ತಾರೆ, ಕೇಳ್ದೆ ತೆಗೆದ್ರೆ ಕಳ್ಳತನ ಮಾಡಿದ ಹಾಗೆ.

ಅಂತರಗಂಗೆ ಕ್ಲಿಕ್ಸ್ (ಕೋಲಾರ)

ಅಕ್ಕ, ಕೇಳೇ ತೆಗೀಬೇಕು, ಅದರಲ್ಲಿ ಮಾತೇ ಇಲ್ಲ. ಬೇಡ ಅಂದ್ರೆ ಕೈಮುಗ್ದು ಮುಂದಕ್ಕೆ. ಕ್ಯಾಮೆರಾ ಬ್ಯಾಗಲ್ಲೇ ಇರ್ಲಿ, ಮೊದಲು ಮನೆ ಬಗ್ಗೆ ಮಾತಾಡ್ಸಿ, "ಅಮ್ಮ, ಈ ತಾರಸಿ ಮದ್ರಾಸ್ ತಾರಸಿನಾ" ಅಂತ ಕೇಳಿ ನೋಡಿ. ಮರದ ತೊಲೆ ಮೇಲೆ ಇಟ್ಟಿಗೆ ಅಡ್ಡ ನಿಲ್ಲಿಸಿ ಗಾರೆ ಹಾಕಿ ಮಾಡಿದ್ದು ಅದು, ಈಗ ಮಾಡೋ ಕೆಲಸದವ್ರು ಸಿಗೋದೇ ಕಷ್ಟ, ಅದರ ಬಗ್ಗೆ ಕೇಳೋರು ಬಂದ್ರೆ ಮನೆಯವ್ರಿಗೆ ಎಷ್ಟು ಖುಷಿ ಆಗ್ತೈತೆ ಅಂದ್ರೆ ಒಳಗೇ ಕರ್ಕೊಂಡು ಹೋಗಿ ತೋರಿಸ್ತಾರೆ. ಪೋಸ್ ಕೊಟ್ರೆ ಕೊಡ್ಲಿ, ಆ ಫೋಟೋನೂ ಚೆನ್ನಾಗಿ ತೆಗೀರಿ, ಅದು ಅವ್ರದ್ದು. ಆಮೇಲೆ ಅವ್ರು ಕೆಲಸಕ್ಕೆ ತಿರುಗ್ತಾರೆ, ಸೊಪ್ಪು ಬಿಡಿಸ್ತಾರೆ, ಪೇಪರ್ ಓದ್ತಾರೆ, ಆಗ ನಿಮ್ಮದು ತಗೊಳ್ಳಿ. ಮನೆ ನಂಬರು, ಗಾಡಿ ನಂಬರು ಕಾಣೋ ಹಾಗೆ ಆನ್‌ಲೈನಲ್ಲಿ ಹಾಕ್ಬೇಡಿ ಅಷ್ಟೇ.

ಮತ್ತೆ ಪ್ರಿಂಟ್ ಹಾಕ್ಸಿ ಕೊಡಿ ಅಕ್ಕ. ಮೊಬೈಲಿಗೆ ಕಳಿಸೋದು ಬೇರೆ, ಕೈಗೆ ಪ್ರಿಂಟ್ ಕೊಡೋದು ಬೇರೆ. ಮಗಳು ಹೆಂಗೂ ಅಲ್ಲೇ ಇರ್ತಾಳೆ, ಅವಳ ಕೈಲಿ ಕೊಟ್ಟು ಕಳಿಸಿದ್ರೆ ಹೊಸ ಊರಲ್ಲಿ ಅವಳಿಗೂ ನಾಲ್ಕು ಜನದ ಪರಿಚಯ ಆಗ್ತೈತೆ.

ನಂದಿಬೆಟ್ಟದ ತಪ್ಪಲು (ಚಿಕ್ಕಬಳ್ಳಾಪುರ)

ಮಗಳು ಹಿಸ್ಟರಿ ಅಂದ್ರಲ್ಲ, ಗಂಗೋತ್ರಿ ಒಳಗೇ ಇರೋ ಜಯಲಕ್ಷ್ಮಿ ವಿಲಾಸ ನೋಡೋಕೆ ಹೇಳಿ, 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ ಕಟ್ಟಿದ ಬಂಗಲೆ, ಜಾನಪದ ವಸ್ತುಸಂಗ್ರಹಾಲಯ ಮಾಡಿದ್ದು ಅಲ್ಲೇ. ಒಳಗೆ ಹೋಗೋಕೆ ಮೊದಲು ಆಫೀಸಲ್ಲಿ ವಿಚಾರಿಸ್ಕೊಳ್ಳಿ, ಹೊರಗಿನಿಂದ ನೋಡಿದ್ರೂ ಆ ಕಂಬಗಳು ಸಾಕು. ಮಾರ್ಕೆಟ್ ಮುಗಿಸಿ ದೊಡ್ಡ ಗಡಿಯಾರದ ಕಡೆ ನಡ್ಕೊಂಡು ಬಂದ್ರೆ ತಲೆ ಎತ್ತಿ ನೋಡಿ, ನಾಲ್ವಡಿಯವರ ಆಳ್ವಿಕೆಯ ರಜತೋತ್ಸವಕ್ಕೆ 1927ರಲ್ಲಿ ಅರಮನೆ ನೌಕರರು ಸೇರಿ ಕಟ್ಟಿಸಿದ್ದು, ಮುಖದ ಮೇಲೆ ಅಂಕಿಗಳು ಕನ್ನಡದವು. 55ರಲ್ಲಿ ಆ ಅಂಕಿ ಸ್ಪಷ್ಟವಾಗಿ ಬರತ್ತೆ.

ಕ್ಯಾತ್ಸಂದ್ರ 206 (ತುಮಕೂರು)

ಟೀಚರಮ್ಮ, ಹೊರಡೋ ಮುಂಚೆ ಬ್ಯಾಟರಿ ಎರಡು ಇಟ್ಕೊಳ್ಳಿ, ಹಳೇ ಕ್ಯಾಮೆರಾ ಅಂದ್ರಲ್ಲ. ಮಳೆ ಬಂದ್ರೆ ಲೆನ್ಸ್ ಒರೆಸೋಕೆ ಹಳೇ ಕಾಟನ್ ಪಂಚೆ ತುಂಡು ಸಾಕು. ವಾಪಸ್ ಬಂದ್ಮೇಲೆ ಇಲ್ಲೇ ಫೋಟೋ ಹಾಕಿ, ಎಲೆ ಎಣಿಸೋ ಕೈಯಿಂದ ಶುರು ಮಾಡಿ.